ಬಿಲ್ ತೋರಿಸಿ ಅನ್ನಿ

ಕೇಳುಗರಿಗೆ ನಮಸ್ಕಾರ.

ಶನಿವಾರ ಬಂತೆಂದರೆ ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ಹಿಡಿದು ಚಿಕ್ಕಮಗಳೂರಿಗೋ ಮಡಿಕೇರಿಗೋ ಹೊರಡುವವರು ನೀವಾದರೆ, ಈ ಮಾತು ನಿಮಗೆ. ಕಾರು ಎಲ್ಲೋ ತಗುಲಿತು. ವಾಪಸ್ ಕೊಡಲು ಹೋದಿರಿ. "ಇನ್ಶೂರೆನ್ಸ್ ಇದೆ ಸರ್, ಆದರೆ ಮೊದಲ ಹತ್ತು ಸಾವಿರ ನಿಮ್ಮದೇ" ಅಂದರು. ಠೇವಣಿ ಅಲ್ಲಿಗೆ ಮುಗಿಯಿತು. ಜಗಳ ಶುರುವಾಯಿತು. ನಾನು ಹೇಳುವುದು ಒಂದೇ ಮಾತು, ಬಿಲ್ ತೋರಿಸಿ ಅನ್ನಿ. ಅಂದಾಜು ಪಟ್ಟಿಯಲ್ಲ, ಬಿಲ್.

ಮೊದಲು ಒಂದು ಗೊಂದಲ ಬಿಡಿಸೋಣ. ಇಲ್ಲಿ ಎರಡು ಕಡಿತಗಳಿವೆ, ಹೆಚ್ಚಿನವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಇನ್ಶೂರೆನ್ಸ್ ಕಂಪನಿ ಪ್ರತಿ ಕ್ಲೇಮಿನಲ್ಲೂ ಹಿಡಿದುಕೊಳ್ಳುವ ಕಂಪಲ್ಸರಿ ಡಿಡಕ್ಟಿಬಲ್ ಒಂದು. 1500 ಸಿಸಿವರೆಗಿನ ಖಾಸಗಿ ಕಾರಿಗೆ ಅದು 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2000. ಬಾಡಿಗೆ ಕಾರಿನದು ಎಷ್ಟೆಂದು ಅದರ ಪಾಲಿಸಿ ಹಾಳೆಯಲ್ಲೇ ಅಚ್ಚಾಗಿರುತ್ತದೆ. ಕೌಂಟರಿನವರು ಹೇಳುವ ಹತ್ತು ಸಾವಿರ ಇನ್ನೊಂದು. ಅದಕ್ಕೂ ಇನ್ಶೂರೆನ್ಸ್ ಕಂಪನಿಗೂ ಸಂಬಂಧವಿಲ್ಲ. ಅದು ನೀವು ಆ್ಯಪಿನಲ್ಲಿ ಓದದೆ ಒಪ್ಪಿಗೆ ಒತ್ತಿದ ಕರಾರಿನ ಮಾತು.

ಲೆಕ್ಕ ಹಾಕಿಯೇ ನೋಡೋಣ. ಸಕಲೇಶಪುರದ ಹೋಂಸ್ಟೇ ಗೇಟಿನ ಕಲ್ಲುಕಂಬಕ್ಕೆ ಮುಂದಿನ ಬಂಪರಿನ ಎಡಮೂಲೆ ತಗುಲಿತು ಅಂತಿಟ್ಟುಕೊಳ್ಳಿ. ಬಂಪರ್ ಸೀಳಿದೆ. ಹೆಡ್‌ಲ್ಯಾಂಪಿನ ಗಾಜಿಗೆ ಏನೂ ಆಗಿಲ್ಲ, ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕಿವಿ ಮುರಿದಿದೆ. ಮರುದಿನ ನಿಮ್ಮ ಮೊಬೈಲಿಗೆ ಎಸ್ಟಿಮೇಟ್ ಬರುತ್ತದೆ. ಹೊಸ ಬಂಪರ್ 5200, ಹೊಸ ಹೆಡ್‌ಲ್ಯಾಂಪ್ 6200, ಪೇಂಟಿಂಗ್ 4000, ಕೂಲಿ 3000. ಒಟ್ಟು 18,400. "ನಿಮ್ಮ ಮಿತಿ ಹತ್ತು ಸಾವಿರ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ" ಅನ್ನುವ ಔದಾರ್ಯ ಬೇರೆ!

ಈಗ ಗ್ಯಾರೇಜಿಗೆ ಬನ್ನಿ. ಅಲ್ಲಿ ಬಂಪರಿಗೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿದರು, ಹೆಡ್‌ಲ್ಯಾಂಪಿಗೆ ಹೊಸ ಕಿವಿ ಕೂರಿಸಿದರು, ಬಣ್ಣ ಹೊಡೆದರು. ಕೂಲಿ 2200, ಕಿವಿಗೆ 600, ಬಣ್ಣಕ್ಕೆ 4000. ಬಿಲ್ 6800. ಅಂದರೆ ಹತ್ತು ಸಾವಿರದಲ್ಲಿ 3200 ನಿಮಗೆ ವಾಪಸ್ ಬರಬೇಕು. ಎಸ್ಟಿಮೇಟ್ ನೋಡಿ ಸುಮ್ಮನಾದವರಿಗೆ ಇದು ಗೊತ್ತೇ ಆಗುವುದಿಲ್ಲ.

ಇಲ್ಲ, ಹೊಸದನ್ನೇ ಹಾಕಿಸಿ ಕ್ಲೇಮ್ ಮಾಡಿದ್ದೇವೆ ಅನ್ನುತ್ತಾರೋ? ಸರಿ, ಅದನ್ನೂ ಕೂಡಿ ಕಳೆಯೋಣ. ಜೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಕೊಡುವ ರಕ್ಷಣೆ, ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಸವಕಳಿ ಕಳೆಯುತ್ತಾರೆ. ಬಂಪರಿನಲ್ಲಿ 2600, ಹೆಡ್‌ಲ್ಯಾಂಪಿನಲ್ಲಿ 3100. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ, ಅಂದರೆ 500. ಇದಕ್ಕೆ ಡಿಡಕ್ಟಿಬಲ್ 1000 ಅಂತಿಟ್ಟುಕೊಂಡು ಸೇರಿಸಿ. 7200 ಆಯಿತು. ಇನ್ಶೂರೆನ್ಸ್‌ನಿಂದ 11,200 ಬಂದ ಮೇಲೆ ಮಾಲೀಕರ ಕೈಯಿಂದ ಹೋದದ್ದು ಅಷ್ಟೇ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಯಿತು ಅಂತ ವಾದಿಸಬಹುದು. ವಾದಿಸಲಿ, ಅದನ್ನೂ ಕಾಗದದಲ್ಲಿ ತೋರಿಸಲಿ. ಬಿಲ್, ಕ್ಲೇಮ್ ಸೆಟಲ್‌ಮೆಂಟ್ ಪತ್ರ, ಗ್ಯಾರೇಜಿನವರು ಕೆಲಸ ಬರೆದಿಡುವ ಜಾಬ್ ಕಾರ್ಡ್, ಈ ಮೂರನ್ನೂ ಬರವಣಿಗೆಯಲ್ಲೇ ಕೇಳಿ. ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳಿಗೆ ಬಾಡಿಗೆ ಕೇಳುತ್ತಾರಲ್ಲ, ಅದು ನಿಜವಾಗಿ ಎಷ್ಟು ದಿನ ಅನ್ನುವುದು ಜಾಬ್ ಕಾರ್ಡಿನ ತಾರೀಖಿನಲ್ಲಿ ಇರುತ್ತದೆ. ಕಾಲು ಕೆಜಿ ಹುರುಳಿಕಾಯಿಗೆ ತಕ್ಕಡಿಯ ಮುಳ್ಳು ನೋಡುವ ನಾವು ಹತ್ತು ಸಾವಿರಕ್ಕೆ ಬಿಲ್ ಕೇಳಲು ಯಾಕೆ ನಾಚುತ್ತೇವೋ, ನನಗಂತೂ ಅರ್ಥವಾಗಿಲ್ಲ.

ಕರಾರಿನಲ್ಲಿ ಹತ್ತು ಸಾವಿರ ಅಂತ ಬರೆದಿದೆಯಲ್ಲ ಅಂದರೆ, 1872ರ ಕರಾರು ಕಾಯ್ದೆಯ 74ನೇ ಕಲಂ ಹೇಳಿ. ಬರೆದ ಮೊತ್ತ ಮೇಲಿನ ಮಿತಿ. ಅದರೊಳಗೆ ಸಲ್ಲುವುದು ನ್ಯಾಯವಾದ ಪರಿಹಾರ ಮಾತ್ರ.

ಗಡಿಯಾರ ಓಡುತ್ತಿದೆ, ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ. ಪರಿಚಯದವರದು ಅಂತ ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ತಂದರೆ, ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಓಡಾಟಕ್ಕೆ ರಕ್ಷಣೆಯೇ ಇಲ್ಲ, ಕ್ಲೇಮ್ ಬಿದ್ದುಹೋಗುತ್ತದೆ. ಕರಾರಿನಲ್ಲಿ ಹೆಸರಿಲ್ಲದ ಸ್ನೇಹಿತನ ಕೈಗೆ ಸ್ಟೀರಿಂಗ್ ಕೊಡಬೇಡಿ. ಕುಡಿದು ಓಡಿಸಿದರೆ ಯಾವ ಮಿತಿಯೂ ನಿಮ್ಮನ್ನು ಕಾಯುವುದಿಲ್ಲ. ನೀರು ನಿಂತ ಅಂಡರ್‌ಪಾಸಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ನೀರು ಸಿಲಿಂಡರಿಗೆ ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾಮಾನ್ಯ ಪಾಲಿಸಿ ಆ ಖರ್ಚು ಕೊಡುವುದಿಲ್ಲ.

ಕೀ ಕೈಗೆ ಬಂದಾಗ ಕಾರಿನ ಸುತ್ತ ಒಂದು ಪ್ರದಕ್ಷಿಣೆ, ಮೊಬೈಲಿನಲ್ಲಿ ವಿಡಿಯೋ. ನಾಲ್ಕು ಚಕ್ರದ ರಿಮ್ಮು, ಬಂಪರಿನ ಕೆಳಭಾಗ, ಗಾಜು, ಕೊನೆಗೆ ಕಿಲೋಮೀಟರ್ ಮೀಟರು. ಕೊಡುವಾಗಲೂ ಅಷ್ಟೇ. ಅಪಘಾತವಾದರೆ ಕಾರು ಸರಿಸುವ ಮೊದಲು ಫೋಟೋ ತೆಗೆದು ಬಾಡಿಗೆ ಕಂಪನಿಗೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ ಮಾತ್ರ ಫೋಟೋ ಆಮೇಲೆ, ಮೊದಲು 112. ದಾರಿಯ ಗ್ಯಾರೇಜಿನಲ್ಲಿ ನೀವೇ ರಿಪೇರಿ ಮಾಡಿಸಲು ಹೋಗಬೇಡಿ.

ಕೇಳಿದರೂ ಬಿಲ್ ಕೊಡಲಿಲ್ಲವೇ? ಮೊದಲು ಇಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ನಿಮ್ಮ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದ ಒಳಗೆ ಕೊಡಬೇಕು. ದೂರಿನ ಜೊತೆ ಆ ಎರಡು ವಿಡಿಯೋ ಮತ್ತು ನೀವು ಬಿಲ್ ಕೇಳಿ ಬರೆದ ಇಮೇಲ್ ಇರಲಿ. ನಮಸ್ಕಾರ.