ಕಪ್ಪನ್ನು ಕಪ್ಪಾಗಿಯೇ ಬಿಡಿ

ಕೇಳುಗರಿಗೆ ನಮಸ್ಕಾರ. ಬೀರುವಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾ ಇಟ್ಟುಕೊಂಡು, ಬೀದಿಯ ಕಪ್ಪು-ಬಿಳುಪು ಚಿತ್ರ ತೆಗೆಯುವ ಆಸೆಯಿರುವವರಿಗೆ ಇವತ್ತು ಒಂದೇ ಮಾತು: ಕಪ್ಪನ್ನು ಕಪ್ಪಾಗಿಯೇ ಬಿಡಿ. ನೆರಳಿನೊಳಗೆ ಏನಿದೆಯೆಂದು ಬಗೆದು ತೋರಿಸಲು ಹೋಗಬೇಡಿ.

ಇದನ್ನು ತೋರಿಸಿಕೊಟ್ಟವರು ಜಪಾನಿನ ಛಾಯಾಗ್ರಾಹಕ ದೈದೊ ಮೊರಿಯಾಮ. 1938ರಲ್ಲಿ ಹುಟ್ಟಿದವರು, 1961ರಲ್ಲಿ ಟೋಕಿಯೊ ಸೇರಿದರು. ಅವರ ಮತ್ತು ಅವರ ಗೆಳೆಯರ ಚಿತ್ರಗಳಿಗೆ ಅಲ್ಲಿನವರು ಇಟ್ಟ ಹೆಸರು 'ಅರೆ, ಬುರೆ, ಬೊಕೆ'. ತರಿತರಿ, ಅಲುಗಾಟ, ಮಸುಕು.

1971. ಉತ್ತರ ಜಪಾನಿನ ಮಿಸಾವಾ, ಅಮೆರಿಕದ ವಾಯುನೆಲೆಯಿರುವ ಊರು. ಮೊರಿಯಾಮ ಹೋಟೆಲಿನಿಂದ ಹೊರಗೆ ಬಂದರೆ ಎದುರಿಗೇ ಒಂದು ಬೀದಿನಾಯಿ. ಅಲ್ಲೇ ಕ್ಲಿಕ್ಕಿಸಿದರು. ಆ ಚಿತ್ರ ಸಿಕ್ಕರೆ ದಯವಿಟ್ಟು ಐದು ನಿಮಿಷ ನೋಡಿ. ನಾಯಿ ಕತ್ತು ಹೊರಳಿಸಿ ನಿಮ್ಮನ್ನೇ ನೋಡುತ್ತಿದೆ. ಬಾಯಿ ಅರೆ ತೆರೆದಿದೆ. ಮೈಯೆಲ್ಲ ಕಪ್ಪು, ಕೂದಲ ತುದಿಗಳಲ್ಲಷ್ಟೇ ಬೆಳಕು. ಅದು ಹೆದರಿದೆಯೋ ಹೆದರಿಸುತ್ತಿದೆಯೋ ಹೇಳಲಾಗದು. ಇದನ್ನೇ ಮೆದುವಾಗಿ, ಬೂದುಬಣ್ಣದಲ್ಲಿ ಪ್ರಿಂಟ್ ಮಾಡಿದ್ದರೆ? ಬರೀ ಒಂದು ನಾಯಿ, ಅಷ್ಟೇ. ಕಪ್ಪನ್ನು ಕಪ್ಪಾಗಿಯೇ ಬಿಟ್ಟದ್ದರಿಂದ ಅದು ನಮ್ಮನ್ನು ತಡೆದು ನಿಲ್ಲಿಸುತ್ತದೆ.

ಹಾಗಾದರೆ ಆ ಕಪ್ಪು ಬರುವುದು ಹೇಗೆ? ಐಎಸ್ಒ 400ರ ಫಿಲ್ಮ್ ಹಾಕಿ, ಬೆಳಕು ಅಳೆಯುವ ಮೀಟರನ್ನು 1600ಕ್ಕೆ ಇಡಿ. ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಅಂಕಿ ಇದು. ಫಿಲ್ಮಿಗೆ ಬೀಳುವುದು ಕಾಲುಭಾಗ ಬೆಳಕು. ಆಮೇಲೆ ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಮಾಮೂಲಿನ ಸುಮಾರು ಒಂದೂವರೆ ಪಟ್ಟು ಹೊತ್ತು ಬಿಡಿ. ನೆಗೆಟಿವ್‌ನಲ್ಲಿ ಬೆಳಕು ಬಿದ್ದ ಜಾಗ ದಟ್ಟವಾಗುತ್ತದೆ, ಬೀಳದ ಜಾಗದಲ್ಲಿ ಎಷ್ಟು ಹೊತ್ತು ಬಿಟ್ಟರೂ ಏನೂ ಮೂಡುವುದಿಲ್ಲ. ಆ ಖಾಲಿ ಜಾಗವೇ ಪ್ರಿಂಟಿನಲ್ಲಿ ಕಪ್ಪಾಗುವುದು. ಹೆಚ್ಚು ಹೊತ್ತು ಬಿಟ್ಟದ್ದರಿಂದ ಚಿತ್ರದ ಕಣವೂ ಉಬ್ಬುತ್ತದೆ. ಡೆವಲಪರ್ 20 ಡಿಗ್ರಿ ಇರಲೇಬೇಕು. ನಮ್ಮ ಬೇಸಿಗೆಯ ನಲ್ಲಿ ನೀರಿನಲ್ಲೇ ಕಲಸಿದರೆ ಬಿಳುಪೆಲ್ಲ ಸುಣ್ಣ ಬಳಿದಂತಾಗುತ್ತದೆ. ಬಾಟಲಿಯನ್ನು ಮಂಜುಗಡ್ಡೆ ನೀರಿನಲ್ಲಿಡಿ, ಥರ್ಮಾಮೀಟರ್ ನೋಡಿ. ಕೈಯಿಂದ ಮುಟ್ಟಿ ಅಂದಾಜು ಮಾಡುವುದು ಬೇಡ.

ಫೋಕಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. 28 ಮಿಲಿಮೀಟರ್ ಲೆನ್ಸ್, ಅದರ ಕಂಡಿ ಎಫ್ 11ಕ್ಕೆ, ದೂರ ಎರಡೂವರೆ ಮೀಟರಿಗೆ. ಸುಮಾರು 1.2 ಮೀಟರಿನಿಂದಾಚೆ ಎಲ್ಲವೂ ಫೋಕಸ್‌ನಲ್ಲೇ. ಕ್ಯಾಮೆರಾ ಕಣ್ಣಿಗೆ ಏರಿಸಬೇಕಿಲ್ಲ, ಸೊಂಟದ ಹತ್ತಿರದಿಂದಲೇ ತೆಗೆಯಬಹುದು.

ಇನ್ನು ಪ್ರಿಂಟ್. 4ನೇ ಗ್ರೇಡಿನ, ಅಂದರೆ ಕಪ್ಪು-ಬಿಳುಪಿನ ಅಂತರವನ್ನು ಹೆಚ್ಚಿಸಿ ತೋರಿಸುವ ಕಾಗದ ತನ್ನಿ. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಕಾಗದವಾದರೆ ಕಾಗದದ ಡೆವಲಪರಿನಲ್ಲಿ ಪೂರ್ತಿ 2 ನಿಮಿಷ. ಕೆಂಪು ದೀಪದಡಿ ಪ್ರಿಂಟು ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ, ಗಾಬರಿಯಾಗಿ ಎಳೆದುಬಿಡಬೇಡಿ. ನಮಸ್ಕಾರ.