'ತಾನೇ ಹೋಗ್ತದ ಬಿಡ್ರಿ' ಅನ್ನೋ ಮೊದಲು: ಮನೆಯ ಮುದಿ ನಾಯಿಯ ಕೊನೆಯ ದಿನಗಳು

ನಮಸ್ಕಾರ್ರಿ. ಮನೆಯಲ್ಲಿ ವರ್ಷಗಟ್ಟಲೆ ಸಾಕಿದ ನಾಯಿ ಏಳೋಕೂ ಆಗದೆ ಮಲಗಿಬಿಟ್ಟರೆ ನಮ್ಮ ಕಲಬುರಗಿ ಕಡೆ ಬರೋ ಮಾತು ಒಂದೇ. "ತಾನೇ ಹೋಗ್ತದ ಬಿಡ್ರಿ, ನಾವ್ಯಾಕ ಪಾಪ ಕಟ್ಕೋಬೇಕು?" ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ತಾನೇ ಹೋಗೋ ಹೊತ್ತಿಗೆ ಆ ನಾಯಿ ಏನೇನು ಅನುಭವಿಸುತ್ತದೆ ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ, ಗುಣ ಆಗದ ನಾಯಿಯನ್ನು ಡಾಕ್ಟರ್ ಕೈಯಿಂದ ಇಂಜೆಕ್ಷನ್ ಕೊಡಿಸಿ ನೋವಿಲ್ಲದೆ ಕಳಿಸಿಕೊಡೋ ದಯಾಮರಣದ ಬಗ್ಗೆಯೂ ಮಾತಾಡೋಣ.

ನಿದ್ದೆಯಲ್ಲೇ ಹೋಗೋ ನಾಯಿಗಳು ಇವೆ, ಆದರೆ ಕಡಿಮೆ. ವಯಸ್ಸಾದ ನಾಯಿಗಳನ್ನು ಕಾಡೋದು ಕಿಡ್ನಿ, ಹೃದಯ, ಗಡ್ಡೆ, ಕೀಲುನೋವು. ಕಿಡ್ನಿ ಕೆಟ್ಟರೆ ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ. ಮೊದಮೊದಲು ನೀರು ಜಾಸ್ತಿ ಕುಡಿಯುತ್ತದೆ, ಆಮೇಲೆ ವಾಂತಿ, ಬಾಯಿಹುಣ್ಣು, ರೊಟ್ಟಿ ಮುಂದೆ ಇಟ್ಟರೂ ಮುಖ ತಿರುಗಿಸೋದು. ಇದು ಒಂದೆರಡು ದಿನದಲ್ಲಿ ಮುಗಿಯೋದಲ್ಲ. ಅದರ ಜೊತೆಗೆ ನಮ್ಮ ಮೇ ತಿಂಗಳ ಬಿಸಿಲು, 42 ಡಿಗ್ರಿ ದಾಟೋ ಮಧ್ಯಾಹ್ನ, ಮೇಲಿಂದ ಕರೆಂಟ್ ಹೋದರೆ ಫ್ಯಾನೂ ಇಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು, ತೇಕೋಕೂ ತ್ರಾಣ ಇಲ್ಲದಿದ್ದರೆ ಏನು ಮಾಡೀತು? ಒಂದೇ ಮಗ್ಗುಲಲ್ಲಿ ಮಲಗಿದರೆ ಎಲುಬು ಒತ್ತೋ ಕಡೆ ಹುಣ್ಣಾಗುತ್ತದೆ. ನೊಣ ಕೂತು ಹುಳ ಬೀಳುತ್ತವೆ. ಕೇಳೋಕೆ ಕಷ್ಟ ಅಲ್ವಾ? ಆದರೂ ಕೇಳಲೇಬೇಕು.

ಹಾಗಾದರೆ ಕಳಿಸಿಕೊಡೋ ಹೊತ್ತು ಬಂದಿದೆ ಅಂತ ಗೊತ್ತಾಗೋದು ಹೇಗೆ?

[ತೆರೆಯ ಮೇಲೆ: ನೋವು, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಒಳ್ಳೆಯ ದಿನಗಳು]

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ 2004ರಲ್ಲಿ ಒಂದು ಅಳತೆ ಕೊಟ್ಟರು. ಈ ಏಳು ವಿಷಯಗಳಿಗೂ 10ರಲ್ಲಿ ಅಂಕ ಹಾಕಬೇಕು, ಚೆನ್ನಾಗಿದ್ದಷ್ಟೂ ಜಾಸ್ತಿ ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಅಂಕ ಹಾಕೋರು ದಿನಾ ಊಟ ಇಡೋರೇ ಆಗಿರಲಿ. ನಮ್ಮ ಮೋತಿಗೆ ಅಂಕ ಹಾಕಿದ್ದು ಅವ್ವ. ಅದು ಯಾವತ್ತು ಬಾಲ ಅಲ್ಲಾಡಿಸಿತು, ಯಾವತ್ತು ಬರೀ ಕಣ್ಣು ಬಿಟ್ಟು ನೋಡಿತು ಅನ್ನೋದು ಆಕೆಗೆ ಗೊತ್ತಿದ್ದಷ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾಯಿ ನೋವನ್ನು ಮುಚ್ಚಿಡುತ್ತದೆ. ತಂಪು ಹೊತ್ತಲ್ಲೂ ತೇಕೋದು, ಪದೇ ಪದೇ ಜಾಗ ಬದಲಿಸೋದು, ಒಂದೇ ಕಡೆ ನೆಕ್ಕಿಕೊಳ್ಳೋದು ಕಂಡರೆ ಡಾಕ್ಟರಿಗೆ ತೋರಿಸಿ. ನಮ್ಮ ನೋವಿನ ಗುಳಿಗೆ ಮಾತ್ರ ಕೊಡಬೇಡಿ, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತವೆ.

ಇನ್ನು ದಯಾಮರಣದ ಇಂಜೆಕ್ಷನ್. ಎಲ್ಲರೂ ಹೆದರೋದು ಇದಕ್ಕೇ. ಮೊದಲು ಮಂಪರು ಬರಿಸೋ ಇಂಜೆಕ್ಷನ್ ಕೊಡಿಸಿ, ಇದನ್ನು ನೀವೇ ಬಾಯಿಬಿಟ್ಟು ಕೇಳಿ. ಅದು ಹಿಡಿದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧಿಯನ್ನೇ ಜಾಸ್ತಿ ಪ್ರಮಾಣದಲ್ಲಿ ಕೊಡುತ್ತಾರೆ. ಮೊದಲು ಪ್ರಜ್ಞೆ ಹೋಗುತ್ತದೆ, ಅದೂ ಸೆಕೆಂಡುಗಳಲ್ಲಿ. ಉಸಿರು, ಹೃದಯ ನಿಲ್ಲೋದು ಅದಾದ ಮೇಲೆ. ಕಣ್ಣು ತೆರೆದೇ ಇರುತ್ತದೆ, ಮೂತ್ರ ಹೋಗಬಹುದು, ಒಮ್ಮೊಮ್ಮೆ ಒಂದು ದೊಡ್ಡ ಉಸಿರು ಬಂದ ಹಾಗೆ ಕಾಣುತ್ತದೆ. ಅದು ನೋವಲ್ಲ, ನಾಯಿಗೆ ಆಗ ಅರಿವೇ ಇರುವುದಿಲ್ಲ. ಮಂಪರು ಬರೋವರೆಗಾದರೂ ಹೊರಗೆ ಹೋಗಿ ನಿಲ್ಲಬೇಡಿ. ಅದರ ಮುಖದ ಹತ್ತಿರ ಕೂತುಕೊಳ್ಳಿ, ದಿನಾ ಕರೆಯೋ ಹಾಗೇ ಹೆಸರು ಹಿಡಿದು ಕರೆಯಿರಿ.

ಪಾಪದ ಮಾತಿಗೆ ನನ್ನ ಉತ್ತರ ಇಷ್ಟೇ. ಗುಣ ಆಗಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ, ನಮ್ಮ ಸಂಕಟ ತಪ್ಪಲಿ ಅಂತ ಅದನ್ನು ನರಳೋಕೆ ಬಿಡೋದು ನನಗೆ ಪುಣ್ಯ ಅನ್ನಿಸೋದಿಲ್ಲ. ಊರ ಹೊರಗೆ ಬಿಟ್ಟು ಬರೋದಂತೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಬೀದರ್‌ನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಇದೆ. ಹಳ್ಳಿಯವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, 1962ಕ್ಕೂ ಫೋನ್ ಮಾಡಿ ನೋಡಿ, ಅದು ಪಶು ಸಂಜೀವಿನಿ, ಅಂದರೆ ಸರ್ಕಾರದ ಓಡಾಡೋ ಪಶು ಆಸ್ಪತ್ರೆ ಗಾಡಿಯ ಸಂಖ್ಯೆ. ಬೇಸಿಗೆಯಲ್ಲಾದರೆ ಇಂಜೆಕ್ಷನ್‌ಗೆ ಬೆಳಗಿನ ತಂಪು ಹೊತ್ತೇ ಕೇಳಿ.

ಹೂಳೋದು ಹೊಲದಲ್ಲಾದರೆ ಬಾವಿ, ಬೋರಿನಿಂದ ದೂರ, ನಾಲ್ಕು ಅಡಿಯಾದರೂ ಆಳ ತೋಡಿ. ನಮ್ಮದು ಕರಿ ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬೀದಿನಾಯಿಗಳು ಕೆದರುತ್ತವೆ. ಇಂಜೆಕ್ಷನ್ನಿನ ಔಷಧಿ ಮೈಯಲ್ಲಿ ಉಳಿದಿರುತ್ತದೆ, ತಿಂದ ಪ್ರಾಣಿಗೂ ಅಪಾಯ. ಅದಕ್ಕೇ ಮೇಲೆ ಒಂದು ಶಹಾಬಾದ್ ಪರ್ಸಿ ಕಲ್ಲು ಹಾಕಿಬಿಡಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದಕ್ಕೂ ಮೂಸಿ ನೋಡೋಕೆ ಬಿಡಿ. ಮಕ್ಕಳಿಗೆ ಮಾತ್ರ "ಹೊಲಕ್ಕೆ ಹೋಗಿದೆ, ಬರ್ತದೆ" ಅಂತ ಹೇಳಬೇಡಿ, ಪಾಪ, ಬಾಗಿಲು ಕಾಯುತ್ತಾ ಕೂರುತ್ತವೆ. ಸತ್ತುಹೋಯಿತು, ಇನ್ನು ಬರಲ್ಲ ಅಂತಲೇ ಹೇಳಿ. ಕೇಳಿದ್ದಕ್ಕೆಲ್ಲಾ ಉತ್ತರ ಕೊಡಿ, ಅಳು ಬಂದರೆ ಅವರ ಎದುರೇ ಅಳಿ. ನಾನೂ ಮಣ್ಣು ಹಾಕ್ತೀನಿ ಅಂತ ಮುಂದೆ ಬಂದರೆ ಹಾಕಲಿ, ತಡೀಬೇಡಿ.