ಹೊಡೆಯೋದನ್ನು ಯಾರೂ ಕಲಿಸಬೇಕಿಲ್ಲ

ಕೇಳುಗರಿಗೆ ನಮಸ್ಕಾರ.

ಎರಡು ವರ್ಷದ ಮಗು ಪಕ್ಕದ ಮಗುವನ್ನು ಕಚ್ಚಿತು ಅಂದುಕೊಳ್ಳಿ. ತಕ್ಷಣ ಮನೆಯಲ್ಲಿ ವಿಚಾರಣೆ ಶುರು. ಎಲ್ಲಿ ಕಲಿತಿತು ಇದನ್ನ? ಟಿವಿ ನೋಡಿಯಾ? ಅಪ್ಪನ ಕಡೆಯವರ ಗುಣವಾ?

ನೋಡಿ ಕಲಿಯುವುದು ಸುಳ್ಳಲ್ಲ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಹೊಡೆದರು. ಅದನ್ನು ನೋಡಿದ ಶಿಶುವಿಹಾರದ ಮಕ್ಕಳೂ ಗೊಂಬೆಗೆ ಹಾಗೇ ಬಾರಿಸಿದವು. ಸರಿ, ಆದರೆ ಅದಕ್ಕೂ ಮೊದಲು ಆ ಮಕ್ಕಳಿಗೆ ಹೊಡೆಯೋದೇ ಗೊತ್ತಿರಲಿಲ್ಲವಾ?

ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ 1984ರಲ್ಲಿ ಮಾಂಟ್ರಿಯಲ್‌ನ ಬಡ ಬಡಾವಣೆಗಳ ಸಾವಿರಕ್ಕೂ ಹೆಚ್ಚು ಹುಡುಗರನ್ನು ಆರನೇ ವಯಸ್ಸಿನಿಂದ ಗಮನಿಸತೊಡಗಿದರು. ನೋಡಿಯೇ ಕಲಿಯುವುದಾದರೆ ಬೆಳೆದಂತೆ ಹೊಡೆದಾಟ ಜಾಸ್ತಿಯಾಗಬೇಕಿತ್ತು, ಅಲ್ವಾ? ಬಹುಪಾಲು ಹುಡುಗರಲ್ಲಿ ಕಡಿಮೆಯಾಗುತ್ತಾ ಹೋಯಿತು. ಅಂದರೆ ಏರಿಕೆಯೆಲ್ಲ ಶಾಲೆ ಸೇರುವ ಮೊದಲೇ ಮುಗಿದಿತ್ತು.

ಆಮೇಲೆ ಅವರ ತಂಡ ಕ್ವಿಬೆಕ್ ಪ್ರಾಂತ್ಯದ 572 ಮನೆಗಳ ಪುಟ್ಟ ಮಕ್ಕಳನ್ನು 17ನೇ ತಿಂಗಳಿಂದ 42ನೇ ತಿಂಗಳವರೆಗೆ ಗಮನಿಸಿತು. ವಿವರ ಕೊಟ್ಟವರು ಅಮ್ಮಂದಿರೇ. ವರದಿ 2004ರಲ್ಲಿ ಬಂತು. ಹೊಡೆಯುವುದು, ಒದೆಯುವುದು ತೀರಾ ಅಪರೂಪ ಅನ್ನಿಸುವ ಮಕ್ಕಳು ನೂರಕ್ಕೆ 28 ಮಾತ್ರ. 58 ಮಕ್ಕಳದು ಸಾಧಾರಣ ಜಗಳಗಂಟತನ. ಇನ್ನು 14 ಮಕ್ಕಳು ಶುರುವಿನಿಂದಲೇ ಜೋರು, ದಿನ ಕಳೆದಂತೆ ಇನ್ನೂ ಜೋರು. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಹೊಡೆತ ಜಾಸ್ತಿ. ಆಶ್ಚರ್ಯವೇನಿಲ್ಲ, ಕೈಗೆ ಸಿಗುವಷ್ಟು ಹತ್ತಿರ ಒಬ್ಬರು ಬೇಕಲ್ಲ! ಆದರೆ ಬಡತನ, ತೀರಾ ಚಿಕ್ಕ ವಯಸ್ಸಿನ ತಾಯಿ, ಬಸುರಿಯಿದ್ದಾಗ ತಾಯಿ ಸಿಗರೇಟು ಸೇದಿದ್ದು, ಹೆತ್ತವರ ನಡುವಿನ ಮನಸ್ತಾಪ, ಇವೂ ಆ 14 ಮಕ್ಕಳ ಮನೆಗಳಲ್ಲಿ ಹೆಚ್ಚಾಗಿ ಕಂಡವು. ನೆರವು ಬೇಗ ಬೇಕಾಗಿರುವುದು ಇಂಥ ಮನೆಗಳಿಗೆ. ಮಗುವಿಗೆ ಸುಮ್ನೆ ‘ರೌಡಿ’ ಅಂತ ಹೆಸರಿಟ್ಟರೆ ಏನು ಬಂತು?

ಉಳಿದ ಮಕ್ಕಳು ತಡೆದುಕೊಳ್ಳುವುದನ್ನು ನಿಧಾನವಾಗಿ ಕಲಿಯುತ್ತವೆ. ಕೈ ತಡೆಯುವ ಮಿದುಳಿನ ಮುಂಭಾಗ ಬಲಿಯಲು ವರ್ಷಗಳೇ ಬೇಕು. ‘ಅದು ನಂದು, ಕೊಡು’ ಅನ್ನಲು ಮಾತು ಬರಬೇಕು. ಆ ಹೊತ್ತಿನಲ್ಲಿ ದೊಡ್ಡವರು ಕೈ ಹಿಡಿದು ನಿಲ್ಲಿಸಿ, ಏನಾಗಬೇಕಿತ್ತು ಅಂತ ಕೇಳಬೇಕು. ‘ಹೊಡೀಬಾರ್ದು’ ಅಂತ ಹೇಳುತ್ತಲೇ ಎರಡು ಏಟು ಕೊಟ್ಟರೆ ಮಗು ಮಾತು ಕೇಳುತ್ತದೋ, ಏಟು ನೋಡುತ್ತದೋ?

ಮಾತು ಬಂದ ಮೇಲೆ ಸಿಟ್ಟು ಪೂರ್ತಿ ಹೋಗುತ್ತದೆ ಅಂತಲೂ ಇಲ್ಲ. ಕೆಲವು ಮಕ್ಕಳಲ್ಲಿ ಹೊಡೆತ ಇಳಿಯುವಾಗಲೇ ಚಾಡಿ ಹೇಳುವುದು, ಗುಂಪಿನಿಂದ ಹೊರಗಿಡುವುದು ಏರುತ್ತದೆ. ನಾಲ್ಕು ವರ್ಷದವಳು ಕಚ್ಚುವುದಿಲ್ಲ, ‘ನಿನ್ನ ಜೊತೆ ಟೂ’ ಅನ್ನುತ್ತಾಳೆ.